ಕೊಕ್ಕರೆ ಬೆಳ್ಳೂರಿಗೆ ಮರ: ತಾರಸಿ ನರ್ಸರಿಯ ಟಿಪ್ಪಣಿಗಳು

ಮಾರ್ಚ್

ಕೆಲಸ ಇಷ್ಟು. ಮಂಡ್ಯದ ನಮ್ಮ ಮನೆಯ ತಾರಸಿ ಮೇಲೆ ಗೋಣಿ, ಬಸರಿ, ಆಲ, ಹುಣಸೆ ಸಸಿ ಮಾಡುವುದು. ಮಳೆ ಹಿಡಿದ ಮೇಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಯ್ದು ನೆಡುವುದು. ಜೊತೆಗೆ ಇಬ್ಬರು ಗೆಳೆಯರಿದ್ದಾರೆ. ಒಬ್ಬ ವ್ಯಾನ್ ಕೊಡುತ್ತಾನೆ, ಇನ್ನೊಬ್ಬ ಬುದ್ಧಿ ಹೇಳುತ್ತಾನೆ.

ಇದೇ ಊರು ಯಾಕೆ ಅಂದರೆ, ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಯಂಥ ಹಕ್ಕಿಗಳು ಗೂಡು ಕಟ್ಟುವುದು ಜನರ ಹಿತ್ತಲಲ್ಲಿ. ರಂಗನತಿಟ್ಟಿನ ಕಥೆ ಬೇರೆ. ಅಲ್ಲಿ ಕಾವೇರಿ ನಡುವೆ ತಿಟ್ಟುಗಳಿವೆ, 1940ರಿಂದ ಪಕ್ಷಿಧಾಮ, ಯಾರೂ ಹೋಗಿ ಕೊಂಬೆ ಕಡಿಯುವಂತಿಲ್ಲ. ಬೆಳ್ಳೂರಿನಲ್ಲಿ ಗೂಡಿರುವ ಮರಕ್ಕೆ ಒಬ್ಬ ಯಜಮಾನ ಇದ್ದಾನೆ. ಅವನಿಗೆ ಮಗಳ ಮದುವೆ ಇದೆ, ಮನೆ ಕಟ್ಟುವುದಿದೆ, ಅಣ್ಣತಮ್ಮಂದಿರ ಭಾಗ ಇದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಆದರೂ ಹಿತ್ತಲು ಹಿತ್ತಲೇ ಅಲ್ವಾ.

ಊರಿಗೂ ಹಕ್ಕಿಗೂ ನಂಟು ಹಳೆಯದು. ಜೆರ್ಡನ್ ಎಂಬ ಬ್ರಿಟಿಷ್ ಪಕ್ಷಿತಜ್ಞ 19ನೇ ಶತಮಾನದಲ್ಲೇ ಇಲ್ಲಿಯ ಹೆಜ್ಜಾರ್ಲೆಗಳನ್ನು ದಾಖಲಿಸಿದ್ದ. 1916ರ ಪ್ಲೇಗಿನಲ್ಲಿ ಜನ ಊರು ಬಿಟ್ಟು ಬೇರೆ ಜಾಗದಲ್ಲಿ ಮನೆ ಕಟ್ಟಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. ತವರಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಅಂತಲೇ ಇವುಗಳನ್ನು ಕರೆಯುವುದು ಇಲ್ಲಿ ರೂಢಿ. ಪ್ರೀತಿಗೆ ಕೊರತೆ ಇಲ್ಲ. ಕೊರತೆ ಇರುವುದು ದೊಡ್ಡ ಮರಕ್ಕೆ.

ಒಂದು ಹುಣಸೆ ಮರದ ಕೆಳಗೆ ಬಹಳ ಹೊತ್ತು ನಿಂತು ನೋಡಿದೆ. ಮೇಲಿನ ಎಲೆಗಳೆಲ್ಲ ಹಿಕ್ಕೆ ಬಿದ್ದು ಬೆಳ್ಳಗೆ, ಅಲ್ಲಲ್ಲಿ ಸುಟ್ಟ ಹಾಗೆ ಒಣಗಿವೆ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲೊಳಗೆ ತಲೆ ತೂರಿಸಿ ಮೀನು ಹೆಕ್ಕುತ್ತದೆ. ಕುತ್ತಿಗೆವರೆಗೂ ಒಳಗೆ! ಸ್ವಲ್ಪ ಕೆಳಗೆ ಚೆಲ್ಲಿದರೆ ಮನೆಯ ಕೋಳಿಗಳು ಓಡಿ ಬರುತ್ತವೆ. ಹುಳಿ ಮೀನಿನ ವಾಸನೆ. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು. ಅವಕ್ಕೆ ಗಂಟಲಲ್ಲಿ ಸದ್ದಿಲ್ಲ, ಕೊಕ್ಕು ಬಡಿದು ಟಕಟಕ ಅನ್ನಿಸುತ್ತವೆ. ಗಲಾಟೆ ಎಲ್ಲ ಹೆಜ್ಜಾರ್ಲೆ ಮರಿಗಳದ್ದು. ಇಷ್ಟರ ನಡುವೆ, ಅದೇ ಕೊಂಬೆಗಳಲ್ಲಿ ಹಣ್ಣಾದ ಹುಣಸೆ ಗೊಂಚಲು ನೇತಾಡುತ್ತಿದೆ.

ತೊಡಕು ಇಲ್ಲೇ ಇರುವುದು. ಹುಣಸೆ ಬಡಿಯುವ ಕಾಲ ಫೆಬ್ರವರಿಯಿಂದ ಏಪ್ರಿಲ್. ಗೂಡಲ್ಲಿ ಮರಿ ಇರುವುದೂ ಆಗಲೇ. ಬಡಿದರೆ ಮರಿ ಬೀಳುತ್ತದೆ, ಬಡಿಯದಿದ್ದರೆ ಹಣ್ಣು ಹೋಗುತ್ತದೆ. ಹಣ್ಣು ಬಿಟ್ಟುಕೊಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಿಂದೆ ಮರದ ಸುತ್ತ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಗೋಡು (ಕೆರೆಯ ಹೂಳು) ಬೆರೆಸಿ ಗದ್ದೆಗೆ ಗೊಬ್ಬರ ಮಾಡುತ್ತಿದ್ದರು. ಆಗ ಹಕ್ಕಿಯ ಬಾಡಿಗೆ ಹಕ್ಕಿಯೇ ಕಟ್ಟುತ್ತಿತ್ತು. ಮೂಟೆ ಗೊಬ್ಬರ ಬಂದ ಮೇಲೆ ಆ ಲೆಕ್ಕ ತಪ್ಪಿತು ಅನ್ನುವುದು ನನ್ನ ಅನಿಸಿಕೆ.

ಏಪ್ರಿಲ್

ಮೊದಲು ಗೋಣಿಗೆ ತಾಯಿ ಮರ ಹುಡುಕಬೇಕಿತ್ತು. ಬೆಂಗಳೂರು–ಮೈಸೂರು ರಸ್ತೆ ಅಗಲ ಮಾಡುತ್ತಾ ಹೋದಂತೆ ಹಳೆಯ ಸಾಲುಮರಗಳು ಹೋದವು. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಮೇಲೆ ಈಗ ನೆರಳಲ್ಲಿ ಗಾಡಿ ನಿಲ್ಲಿಸುವ ಮಾತೇ ಇಲ್ಲ. ಕೊನೆಗೆ ಒಳರಸ್ತೆಯ ಒಂದು ಮಾರಮ್ಮನ ಗುಡಿ ಹಿಂದೆ ಒಳ್ಳೆಯ ಮರ ಸಿಕ್ಕಿತು. ದೇವರ ಮರ ಅಂತ ಯಾರೂ ಮುಟ್ಟಿಲ್ಲ.

ಗೋಣಿ ಬೀಜ ಸಾಸಿವೆಗಿಂತ ಸಣ್ಣದು. ಹಣ್ಣು ಕಿವುಚಿ ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳಕ್ಕೆ ಕೂರುತ್ತದೆ. ಎಲ್ಲ ಹಣ್ಣಲ್ಲೂ ಬೀಜ ಇರುವುದಿಲ್ಲ. ಆಲ, ಗೋಣಿ, ಅತ್ತಿ, ಬಸರಿ ಒಂದೊಂದಕ್ಕೂ ಅದರದ್ದೇ ಪುಟ್ಟ ಕಣಜ ಇದೆ. ಅದು ಕಾಯೊಳಗೆ ಹೊಕ್ಕರೆ ಮಾತ್ರ ಬೀಜ ಕಟ್ಟುತ್ತದೆ. ಸುತ್ತ ಒಂದೇ ಮರ ಉಳಿದು ಕಣಜ ಇಲ್ಲವಾದರೆ ಹಣ್ಣು ಸುಮ್ನೆ ಉದುರುತ್ತದೆ. ಮರ ಕಡಿದರೆ ಇನ್ನೇನೇನು ಹೋಗುತ್ತದೆ ಅನ್ನುವುದು ನನಗೆ ಹೊಳೆದದ್ದು ಬೋಗುಣಿ ಮುಂದೆ ಕೂತಾಗಲೇ.

ಬೀಜವನ್ನು ಮಣ್ಣಲ್ಲಿ ಮುಚ್ಚಬಾರದು, ಬೆಳಕು ಬೇಕು. ತಟ್ಟೆಯ ತಳಕ್ಕೆ ಇಟ್ಟಿಗೆ ಚೂರು, ಮೇಲೆ ಮರಳು ಬೆರೆಸಿದ ತೆಂಗಿನ ನಾರಿನ ಪುಡಿ, ಅದರ ಮೇಲೆ ಬೀಜ ಉದುರಿಸಿದ್ದೇನೆ. ನೀರನ್ನು ಕೆಳಗಿನಿಂದ ಹೀರಿಸಬೇಕು, ಮೇಲಿಂದ ಸುರಿದರೆ ಬೀಜ ಕೊಚ್ಚಿ ಹೋಗುತ್ತದೆ. ಮೊದಲ ತಟ್ಟೆಯನ್ನು ಇರುವೆಗಳು ರಾತ್ರೋರಾತ್ರಿ ಖಾಲಿ ಮಾಡಿದವು. ತಟ್ಟೆಯನ್ನು ನೀರು ತುಂಬಿದ ಬೇಸಿನ್ ನಡುವೆ ಇಟ್ಟ ಮೇಲೆ ಕಾಟ ನಿಂತಿದೆ. ಮೇಲೆ ಹಸಿರು ಬಲೆ ಕಟ್ಟಿದ್ದೇನೆ.

ಹುಣಸೆ ಸುಲಭ. ಬೀಜ ನೆನೆಸಿ ಕವರಿಗೆ ಊರಿದರೆ ಆಯಿತು.

ಜೂನ್

ಮಳೆ ಬಂತು. ಬೀಜದ ಸಸಿ ಇನ್ನೂ ಬೆರಳುದ್ದ, ಅದನ್ನು ಮುಂದಿನ ವರ್ಷಕ್ಕೆ ಬಿಟ್ಟೆವು. ಈ ಸಲ ಕೊಂಬೆ ನೆಡುವ ಹಳೇ ವಿಧಾನ. ಮಣಿಕಟ್ಟು ದಪ್ಪದ, ಆಳಿಗಿಂತ ಎತ್ತರದ ಆಲ, ಗೋಣಿ, ಬಸರಿ ಕೊಂಬೆ ಬೇಕು. ಕಡಿದ ಮೇಲೆ ಹಾಲು ಸೋರುವುದು ನಿಲ್ಲುವ ತನಕ ನೆರಳಲ್ಲಿ ಇಡಬೇಕು. ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ಮೇಲ್ತುದಿ ಒಣಗದಂತೆ ಸಗಣಿ ಮೆತ್ತಬೇಕು. ಎತ್ತರ ಯಾಕೆಂದರೆ ಚಿಗುರು ಮೇಕೆ ಬಾಯಿಗೆ ಎಟುಕಬಾರದು. ಒಂದೇ ದೋಷ, ಕೊಂಬೆಯಿಂದ ಬೆಳೆದ ಮರಕ್ಕೆ ತಾಯಿಬೇರು ಇರುವುದಿಲ್ಲ. ಬಿರುಗಾಳಿಗೆ ಅಪಾಯ ಜಾಸ್ತಿ. ಅದಕ್ಕೇ ಬೀಜದ ಸಸಿಯನ್ನೂ ಬಿಟ್ಟಿಲ್ಲ.

ಜಾಗ ಹುಡುಕುವುದರಲ್ಲಿ ನಿಜವಾದ ಪಾಠ ಆಯಿತು. ಒಬ್ಬ ಹಿರಿಯರ ಹಿತ್ತಲಲ್ಲಿ ಕೇಳಿದೆ. ಹಳೆಯ ಹೆಂಚಿನ ಮನೆ ಪಕ್ಕ ಹೊಸ ಆರ್‌ಸಿಸಿ ಮನೆ ಏಳುತ್ತಿದೆ. ಕೊಂಬೆ ನೋಡಿದವರೇ ಕೈ ಆಡಿಸಿದರು. "ಗೋಣಿ ಮರ ಮನೆ ಹತ್ರ ಬ್ಯಾಡ ಕಣಪ್ಪ. ಬೇರು ಪಾಯಕ್ಕೆ ನುಗ್ತದೆ. ಆಮ್ಯಾಕೆ ನೀನು ಬಂದು ಗೋಡೆ ಕಟ್ಕೊಟ್ಟೀಯಾ?"

ಅವರು ಹೇಳಿದ್ದು ಸರಿ. ಸೂರು ಹೆಂಚಿನದಿದ್ದಾಗ, ಹಿತ್ತಲು ವಿಶಾಲ ಇದ್ದಾಗ ನಡೆಯುತ್ತಿತ್ತು. ಈಗ ಎರಡು ಮಕ್ಕಳಿಗೆ ಎರಡು ಸೈಟು. ಹಾಗಾಗಿ ಗೋಣಿ, ಆಲ ಎಲ್ಲ ಊರಾಚೆಗೆ. ಕೆರೆ ಏರಿ ಮೇಲೆ ನೆಡಬಾರದು, ಬೇರು ಏರಿಯನ್ನೇ ಸಡಿಲ ಮಾಡುತ್ತದೆ. ಪಂಚಾಯಿತಿಯವರನ್ನು ಕೇಳಿ ಗುಂಡುತೋಪಿನ ಉಳಿದ ಜಾಗ ಮತ್ತು ಕೆರೆಯ ಹಿಂಬದಿಯ ಎತ್ತರದ ಅಂಚು ಆರಿಸಿದೆವು. ಕರೆಂಟು ತಂತಿಯಿಂದಲೂ ದೂರ ಇರಬೇಕು. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 2 ಮೀಟರಿಗಿಂತ ಜಾಸ್ತಿ. ಎರಡು ತಂತಿಗೆ ಒಟ್ಟಿಗೆ ತಾಗಿದರೆ ಮುಗಿಯಿತು. ಗೂಡು ಬಿಟ್ಟು ಮೊದಲ ಸಲ ಹಾರುವ ಮರಿಗೆ ಇದು ಇನ್ನೂ ಅಪಾಯ.

ಆಗಸ್ಟ್

ನೆಟ್ಟ ಕೊಂಬೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಚಿಗುರಿವೆ. ಬಸರಿ ಎಲ್ಲಕ್ಕಿಂತ ಮುಂದೆ. ಮೇಕೆ ಎಟುಕಲಿಲ್ಲ, ಆದರೆ ಎಮ್ಮೆಗಳು ಮೈ ಉಜ್ಜಿ ಕೆಲವನ್ನು ಅಲುಗಾಡಿಸಿವೆ. ಬಳ್ಳಾರಿ ಜಾಲಿಯ ಮುಳ್ಳು ಸುತ್ತಿದ್ದೇವೆ.

ಹಕ್ಕಿ ಇಲ್ಲದ ಕಾಲ ಇದು, ಊರು ತಣ್ಣಗಿದೆ. ಹಾಗಾಗಿ ಸುತ್ತಲಿನ ಕೆರೆಗಳನ್ನು ನೋಡಿಕೊಂಡು ಬಂದೆ. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ, ಆಚೆಗೆ ಶಿಂಷಾ. ಹಕ್ಕಿಗಳು ಮೀನು ತರುವುದು ಇಲ್ಲಿಂದಲೇ. ಮರ ಅರ್ಧ ಕೆಲಸ, ನೀರು ಇನ್ನರ್ಧ ಅಂತ ಬುದ್ಧಿ ಹೇಳುವ ಗೆಳೆಯ ಮೊದಲಿಂದಲೂ ಹೇಳುತ್ತಿದ್ದ.

ಬಣ್ಣದ ಕೊಕ್ಕರೆ ಈಜುವ ಹಕ್ಕಿ ಅಲ್ಲ. ಮೊಣಕಾಲು ಮುಳುಗದಷ್ಟು ನೀರಲ್ಲಿ ನಿಂತು, ಬಾಯಿ ತೆರೆದ ಕೊಕ್ಕನ್ನು ಅತ್ತಿತ್ತ ಆಡಿಸುತ್ತದೆ. ಮೀನು ತಾಗಿದ ಕೂಡಲೇ ಕೊಕ್ಕು ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶದ ಮೇಲೆ ನಡೆಯುವ ಬೇಟೆ. ಇದಕ್ಕೆ ಇಳಿಜಾರಾದ, ಕೆಸರಿನ ಅಂಚು ಬೇಕು. ಹೂಳೆತ್ತುವಾಗ ಜೆಸಿಬಿಯಲ್ಲಿ ಅಂಚನ್ನು ನೆಟ್ಟಗೆ ಕೊರೆದರೆ ನೀರೇನೋ ಜಾಸ್ತಿ ನಿಲ್ಲುತ್ತದೆ, ಕೊಕ್ಕರೆಗೆ ಕಾಲೂರಲು ಜಾಗ ಇರುವುದಿಲ್ಲ. ಹೂಳೆತ್ತುವುದು ಬೇಡ ಅಂತಲ್ಲ. ರೈತರಿಗೆ ನೀರು ಬೇಕೇ ಬೇಕು. ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಬಹುದು. ಡೀಸೆಲ್ಲೂ ಉಳಿಯುತ್ತದೆ!

ಹೆಜ್ಜಾರ್ಲೆಯದು ಬೇರೆ ಸಂಕಟ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ದೊಡ್ಡ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಮರದಿಂದ ಬಿದ್ದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆ ತುಂಬ ಜಂತುಹುಳು. ಈ ಹುಳ ಮೀನಿನ ಮೂಲಕ ಹಕ್ಕಿಗೆ ಹೋಗುವಂಥದ್ದು. ನೀರು ಕಡಿಮೆಯಾಗಿ, ಇರುವ ನೀರು ಕೊಳಕಾಗಿ, ಹಕ್ಕಿಗಳೆಲ್ಲ ಅದೇ ಎರಡು ಮೂರು ಕೆರೆಗೆ ಮುಗಿಬಿದ್ದರೆ ರೋಗ ಹರಡುವುದು ಸಲೀಸು. ಊರಲ್ಲಿ ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ಮೇಲಿನ ಪಟ್ಟಣದ ಚರಂಡಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಬೆಳ್ಳೂರಿನವರ ಕೈಯಲ್ಲಿಲ್ಲ.

ಊರವರ ಕೈಯಲ್ಲಿದ್ದದ್ದನ್ನು ಅವರು ಮಾಡಿದ್ದಾರೆ. ಮೈಸೂರಿನ ಹವ್ಯಾಸಿ ನಿಸರ್ಗ ಪ್ರಿಯರ ಜೊತೆ ಸೇರಿ 1994ರಲ್ಲಿ ಊರ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿಂದ ಬಿದ್ದ ಮರಿಯನ್ನು ಬೇಲಿಯೊಳಗೆ ಇಟ್ಟು ಮೀನು ಹಾಕಿ ಸಾಕುವುದು, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. ಹೆಜ್ಜಾರ್ಲೆ ಮರಿ ತಿನ್ನುವುದು ನೋಡಿದವರಿಗೆ ಆ ಮೀನಿನ ಖರ್ಚು ಗೊತ್ತಾಗುತ್ತದೆ.

ಅಕ್ಟೋಬರ್

ಪಾಯದ ಮಾತಾಡಿದ ಹಿರಿಯರೇ ಫೋನ್ ಮಾಡಿ ಕರೆಸಿದರು. ಹಿತ್ತಲ ಮೂಲೆಯಲ್ಲಿ ಹಳೆಯ ಹುಣಸೆ ಒಂದು ಬಿದ್ದಿದೆ, ಆ ಜಾಗದಲ್ಲಿ ಹುಣಸೆಯೇ ಹಾಕೋಣ ಅಂದರು. ಆದರೆ ಅವರಿಗೆ ಬೇಕಾದದ್ದು ಕಸಿ ಗಿಡ. ತಮಿಳುನಾಡಿನ ಪೆರಿಯಕುಳಂ ಕಡೆಯ ಪಿ.ಕೆ.ಎಂ-1 ಅಂತ ಯಾರೋ ಹೇಳಿದ್ದಾರೆ. ನಾಲ್ಕೈದು ವರ್ಷಕ್ಕೆ ಕಾಯಿ ಬರುತ್ತದೆ, ಗಿಡ ಕುಳ್ಳಗೆ ಇರುತ್ತದೆ, ಕೊಯ್ಯಲು ಸುಲಭ. ನನ್ನ ಕವರಲ್ಲಿರುವ ನಾಟಿ ಹುಣಸೆಗೆ ಕಾಯಿ ಬಿಡಲು ಎಂಟು ಹತ್ತು ವರ್ಷ.

ಹಕ್ಕಿಗೆ ಬೇಕಾದದ್ದು ಇದಕ್ಕೆ ಉಲ್ಟಾ. ಎತ್ತರ ಬೇಕು, ಅಗಲ ಬೇಕು, ಹೆಜ್ಜಾರ್ಲೆಯಂಥ ಭಾರದ ಹಕ್ಕಿ ಕೂತರೆ ತಡೆಯುವ ಕೊಂಬೆ ಬೇಕು. ಎಲ್ಲರೂ ಕಸಿ ಹಾಕಿದರೆ ಇನ್ನು ಮೂವತ್ತು ವರ್ಷಕ್ಕೆ ಊರ ತುಂಬ ಹುಣಸೆ ಇರುತ್ತದೆ, ಗೂಡಿಗೆ ಮರ ಇರುವುದಿಲ್ಲ.

ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ ಚೌಕಾಸಿ ನಡೆಯಿತು. ಕೊನೆಗೆ ಅವರೇ ದಾರಿ ಹೇಳಿದರು. "ಒಂದು ನಿಂದು, ಒಂದು ನಂದು. ನಿನ್ ಹಕ್ಕಿ ಮರಕ್ಕೆ ನಾನು ದೊಣ್ಣೆ ಹಾಕಕ್ಕಿಲ್ಲ. ನನ್ ಮರದ ಹಣ್ಣು ಕೇಳಕ್ ನೀನು ಬರ್‍ಬ್ಯಾಡ." ಅಂದರೆ ಮೂಲೆಯಲ್ಲಿ ನಾಟಿ, ಮನೆ ಹತ್ತಿರ ಕಸಿ. ಕಸಿ ಗಿಡದ ದುಡ್ಡು ನಮ್ಮದು.

ಈ ಲೆಕ್ಕ ನನಗೆ ಪರಿಹಾರದ ಹಣಕ್ಕಿಂತ ಗಟ್ಟಿ ಅನ್ನಿಸುತ್ತದೆ. ಪರಿಹಾರ ಕಳೆದುಹೋದ ಹಣ್ಣಿಗೆ ಕೊಡುವ ದುಡ್ಡು. ಜೋಡಿ ಗಿಡದಲ್ಲಿ ಹಣ್ಣು ಕಳೆಯುವುದೇ ಇಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಇನ್ನು ಮುಂದೆ ಹಿತ್ತಲಿಗೆ ಒಂಟಿ ಗಿಡ ಕೊಡುವುದಿಲ್ಲ, ಜೋಡಿಯೇ.

ಡಿಸೆಂಬರ್

ಹೆಜ್ಜಾರ್ಲೆಗಳು ಬಂದಿವೆ. ಹಳೆಯ ಮರಗಳಲ್ಲಿ ಜಾಗಕ್ಕೆ ಕಿತ್ತಾಟ ಶುರುವಾಗಿದೆ. ನಮ್ಮ ಗಿಡದ ಮೇಲೆ ಒಂದು ಹಕ್ಕಿ ಗೂಡು ಕಟ್ಟಬೇಕಾದರೆ ನನ್ನ ಮಗಳಿಗೆ ನನ್ನ ವಯಸ್ಸಾಗಬೇಕು. ಅಲ್ಲಿಯವರೆಗೆ ಇರುವ ಹಳೆಯ ಮರಗಳು ನಿಂತಿರಬೇಕು. ಅದಕ್ಕೆ ನಮ್ಮ ನರ್ಸರಿ ಬದಲಿ ಅಲ್ಲ. "ನೀವು ಗಿಡ ಹಾಕ್ತಿದೀರಲ್ಲ, ಇದನ್ನ ಕಡಿದ್ರೆ ಏನಾಯ್ತು" ಅಂತ ಒಬ್ಬರು ಕೇಳಿದ ಮೇಲೆ ಇದನ್ನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಈಗಿನ ಚಿಂತೆ ಬೇಸಿಗೆ. ಗುಂಡುತೋಪಿನ ಗಿಡಗಳ ಬುಡಕ್ಕೆ ತಳದಲ್ಲಿ ಸಣ್ಣ ತೂತಿರುವ ಮಡಕೆ ಹೂತು, ತೂತಿಗೆ ಬಟ್ಟೆ ಬತ್ತಿ ತುರುಕಿದ್ದೇವೆ. ತುಂಬಿಸಿಟ್ಟರೆ ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ತುಂಬಿಸುವ ಕೆಲಸ ಪಕ್ಕದ ಗದ್ದೆಯ ಹುಡುಗ ಒಪ್ಪಿಕೊಂಡಿದ್ದಾನೆ, ಅವನ ಪಂಪ್‌ಸೆಟ್ ಹತ್ತಿರವೇ ಇದೆ. ಮಡಕೆಗೆ ಮುಚ್ಚಳ ಬೇಕು, ಇಲ್ಲದಿದ್ದರೆ ಸೊಳ್ಳೆ.

ತಾರಸಿಯ ಗೋಣಿ ಸಸಿಗಳು ಗೇಣುದ್ದ ದಾಟಿವೆ, ದೊಡ್ಡ ಕವರಿಗೆ ಬದಲಿಸಬೇಕು. ಜೋಡಿ ಗಿಡದ ಸುದ್ದಿ ಬೀದಿಯಲ್ಲಿ ಹರಡಿದೆ. ಕಸಿ ಹುಣಸೆ ಬದಲು ಕಸಿ ಮಾವು ಕೊಡ್ತೀರಾ ಅಂತ ಕೆಲವು ಮನೆಯವರು ಕೇಳಿದ್ದಾರೆ. ನಾಟಿ ಹುಣಸೆಯೂ ಜೊತೆಗೆ ಹೋಗುವುದಾದರೆ ಯಾವ ಹಣ್ಣಾದರೇನು. ಬಾದಾಮಿ ಕಸಿಗೆ ನರ್ಸರಿಯಲ್ಲಿ ರೇಟು ವಿಚಾರಿಸಬೇಕು.