ಗಸಗಸೆ ಗಿಡವೂ ನಮ್ಮ ಅಟ್ಟದ ಅಡಿಕೆಯೂ

ಜೂನ್ 26 ಮಾದಕವಸ್ತು ವಿರೋಧಿ ದಿನ. 2024ರಲ್ಲಿ ನಮ್ಮ ಕಾಲೇಜಿನಲ್ಲಿ ಅದನ್ನು ಎರಡು ದಿನ ಮೊದಲೇ ಇಟ್ಟುಕೊಂಡಿದ್ದರು. ಮಂಗಳೂರಿನ ಮಳೆಗಾಲ, ಮಕ್ಕಳೆಲ್ಲ ಒದ್ದೆ ಕೊಡೆ ಹಿಡಿದುಕೊಂಡೇ ಸಭಾಂಗಣಕ್ಕೆ ಬಂದಿದ್ದರು. ನಾನು ಅರ್ಥಶಾಸ್ತ್ರ ಕಲಿಸುವವಳು. ಮಾದಕವಸ್ತುವಿನ ಹಿಂದಿರುವ ದುಡ್ಡಿನ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಹೇಳಿದ್ದರು.

ಗಸಗಸೆ ಪಾಯಸದಿಂದ ಶುರು ಮಾಡಿದೆ. ನಮ್ಮ ಹಬ್ಬದ ಪಾಯಸದ ಗಸಗಸೆಯೂ ಅಫೀಮೂ ಬರುವುದು ಒಂದೇ ಗಿಡದಿಂದ ಎಂದಾಗ ಮಕ್ಕಳು ತಲೆ ಎತ್ತಿ ನೋಡಿದರು. ನಮ್ಮ ದೇಶದಲ್ಲೂ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಔಷಧಿಗಾಗಿ ಅದನ್ನು ಬೆಳೆಯುತ್ತಾರೆ ಎಂದೆ. ಆಮೇಲೆ ಅಫ್ಘಾನಿಸ್ತಾನದ ಅಂಕಿ ಹೇಳಿದೆ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಅಫೀಮು ಬೆಳೆಯನ್ನು ನಿಷೇಧಿಸಿತು. ಆ ವರ್ಷ 2,33,000 ಹೆಕ್ಟೇರ್ ಇದ್ದ ಬೆಳೆ 2023ರಲ್ಲಿ 10,800 ಹೆಕ್ಟೇರಿಗೆ ಇಳಿಯಿತು. ವಿಶ್ವಸಂಸ್ಥೆಯ ಲೆಕ್ಕ ಇದು. ಶೇಕಡಾ 95ರಷ್ಟು ಇಳಿಕೆ. "ಆಳುವವರು ಮನಸ್ಸು ಮಾಡಿದರೆ ಆಗುತ್ತದೆ" ಎಂದೆ. ಚಪ್ಪಾಳೆ ಬಿತ್ತು.

ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಚಪ್ಪಾಳೆ ತಟ್ಟಲಿಲ್ಲ. ಹುಡುಗ ಅಂದರೆ ಮೂವತ್ತರ ಹತ್ತಿರದವನು. ನಮ್ಮ ಸಹೋದ್ಯೋಗಿಯೊಬ್ಬರ ಪರಿಚಯದವನು, ಅಫ್ಘಾನಿಸ್ತಾನದಿಂದ ಓದಲು ಬಂದವನು. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬಿದ್ದಾಗ ಇಲ್ಲೇ ಉಳಿದವನು. ಸಭೆ ಮುಗಿದ ಮೇಲೆ ಹತ್ತಿರ ಬಂದು ಹಿಂದಿಯಲ್ಲಿ ಕೇಳಿದ. "ಮೇಡಂ, ಆ ಶೇಕಡಾ 95 ಬೆಳೆಯುತ್ತಿದ್ದ ಜನ ಈಗ ಏನು ತಿನ್ನುತ್ತಿದ್ದಾರೆ ಅಂತ ನೀವು ಹೇಳಲಿಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಬಿಸಿ ಗೋಳಿಬಜೆ ಇತ್ತು. ಅವನು ಹಾಲಿಲ್ಲದ ಚಾ ಕೇಳಿದ. ಎರಡು ಗಂಟೆ ಕೂತೆವು. ನನ್ನ ಮುಂದಿನ ಕ್ಲಾಸನ್ನು ಬೇರೆಯವರು ತೆಗೆದುಕೊಂಡರು.

ಅವನ ಊರು ನಂಗರ್‌ಹಾರ್ ಪ್ರಾಂತ್ಯದಲ್ಲಿ. ಅಲ್ಲಿ ನಿಷೇಧ ಹೊಸದೇನಲ್ಲ. 2004ರಲ್ಲಿ ಅಲ್ಲಿ 28,000 ಹೆಕ್ಟೇರಿನಷ್ಟು ಗಸಗಸೆ ಇತ್ತು. ಮರುವರ್ಷ ಅಧಿಕಾರಿಗಳ ಒತ್ತಡಕ್ಕೆ 1,100ರ ಆಸುಪಾಸಿಗೆ ಬಂತು. ಆಗಲೂ ಎಲ್ಲರೂ ಭೇಷ್ ಅಂದಿದ್ದರು. 2007ರ ಹೊತ್ತಿಗೆ ಮತ್ತೆ 18,000 ದಾಟಿತು. 2002ರಿಂದ ಅಮೆರಿಕವೊಂದೇ ಅಲ್ಲಿನ ಮಾದಕವಸ್ತು ತಡೆಗೆ 800 ಕೋಟಿ ಡಾಲರಿಗಿಂತ ಜಾಸ್ತಿ ಸುರಿದಿದೆ. 2005ರಲ್ಲಿ ಅವನಿಗೆ ಹತ್ತು ವರ್ಷ. ಅವನಿಗೆ ನೆನಪಿರುವುದು ಅಂಕಿಯಲ್ಲ, ಆ ಚಳಿಗಾಲದಲ್ಲಿ ಅಪ್ಪ ಹಸು ಮಾರಿದ್ದು.

ಇಲ್ಲಿಗೆ ಬರುವ ಮೊದಲು ಅವನು ಅದೇ ಪ್ರಾಂತ್ಯದಲ್ಲಿ ರೈತರನ್ನು ಮಾತಾಡಿಸುವ ಸಮೀಕ್ಷೆಯ ಕೆಲಸ ಮಾಡಿದ್ದ. ಗುಂಡು ಹಾರುವ ಊರಿನಲ್ಲಿ ಸಂಶೋಧನೆ ಹೇಗೆ ಮಾಡುತ್ತಾರೆ ಎಂದು ಕೇಳಿದೆ. "ಅಫೀಮು ಬೆಳೀತೀರಾ ಅಂತ ಕೇಳಲೇಬಾರದು. ಕೇಳಿದರೆ ಸುಳ್ಳು ಸಿಗುತ್ತದೆ, ಇಲ್ಲದಿದ್ದರೆ ಪೆಟ್ಟು ಸಿಗುತ್ತದೆ" ಎಂದ. ಊರವರ ನಡುವೆ ಕೂರಿಸಿ ಮಾತಾಡಿಸಿದರೆ ಎಲ್ಲರೂ ಊರ ಹಿರಿಯರು ಹೇಳಿದ್ದನ್ನೇ ಹೇಳುತ್ತಾರಂತೆ. ಹಾಗಾಗಿ ಹೊಲದ ಬದುವಿನಲ್ಲಿ, ಒಬ್ಬರೇ ಇದ್ದಾಗ, ಕೆಲಸಕ್ಕೆ ತೊಂದರೆಯಾಗದಂತೆ ಮಾತು. ಹೆಸರು ಬರೆದುಕೊಳ್ಳುವುದಿಲ್ಲ. ಈ ವಾರ ಎಷ್ಟು ಸಲ ಮಾಂಸ ಬೇಯಿಸಿದಿರಿ? ಮನೆಯಿಂದ ಯಾರು ಕೂಲಿಗೆ ಹೊರಗೆ ಹೋಗಿದ್ದಾರೆ? ಆಸ್ಪತ್ರೆಗೆ ದುಡ್ಡು ಎಲ್ಲಿಂದ ತಂದಿರಿ? ಇಂಥ ಪ್ರಶ್ನೆಗಳಿಂದ ನಿಜ ಸಂಗತಿ ತಾನಾಗಿ ಹೊರಗೆ ಬರುತ್ತದೆ. ಮೇಲಿನಿಂದ ಉಪಗ್ರಹ ತೆಗೆದ ಚಿತ್ರದೊಂದಿಗೆ ಅದನ್ನು ಹೊಂದಿಸಿ ನೋಡುತ್ತಾರೆ. ವರದಿ ಪರದೇಶದಲ್ಲಿ ಅಚ್ಚಾಗುತ್ತದೆ. ಆದರೆ ಹೊಲದ ಬದುವಿಗೆ ಹೋಗಿ ನಿಲ್ಲುವವರು ಇವನಂಥವರು.

ಆಮೇಲೆ ಅವನು 'ಸಲಾಮ್' ಬಗ್ಗೆ ಹೇಳಿದ. ನನಗೆ ಈ ವಿಷಯ ಗಟ್ಟಿಯಾಗಿ ತಟ್ಟಿದ್ದು ಅಲ್ಲಿ.

ಸಲಾಮ್ ಎಂದರೆ ಮುಂಗಡ ಸಾಲ. ನಿಷೇಧಕ್ಕೆ ಮೊದಲು ಅದು ನಡೆಯುತ್ತಿದ್ದುದು ಹೀಗೆ. ಚಳಿಗಾಲದಲ್ಲಿ ಮನೆಯಲ್ಲಿ ಏನೂ ಇರುವುದಿಲ್ಲ. ವ್ಯಾಪಾರಿ ಬಂದು ದುಡ್ಡು ಕೊಡುತ್ತಾನೆ, ಕೊಯ್ಲಿನ ನಂತರ ಇಷ್ಟು ತೂಕ ಅಫೀಮು ಕೊಡು ಎನ್ನುತ್ತಾನೆ. ಕಟ್ಟುವ ಬೆಲೆ ಎಷ್ಟೋ ಸಲ ಮಾರುಕಟ್ಟೆಯ ಅರ್ಧ. ಮೋಸ ಎಂದು ಗೊತ್ತು. ಆದರೆ ಗೋಧಿ, ಟೊಮೆಟೊ ನಂಬಿ ಯಾರೂ ಸಾಲ ಕೊಡುವುದಿಲ್ಲ. ಟೊಮೆಟೊ ಆ ರಸ್ತೆಯಲ್ಲಿ, ಪ್ರತಿ ಚೆಕ್‌ಪೋಸ್ಟಿಗೂ ಕಾಸು ಕೊಟ್ಟು ಪೇಟೆ ಸೇರುವಷ್ಟರಲ್ಲಿ ಕೊಳೆತಿರುತ್ತದೆ. ಒಣಗಿದ ಅಫೀಮು ವರ್ಷಗಟ್ಟಲೆ ಕೆಡುವುದಿಲ್ಲ. ಮದುವೆಯೋ ಕಾಯಿಲೆಯೋ ಬಂದಾಗ ಒಂದು ಉಂಡೆ ಮಾರಿದರಾಯಿತು. ಸ್ವಂತ ಜಮೀನಿಲ್ಲದವನಿಗೆ ಎಷ್ಟೋ ಸಲ ಗಸಗಸೆ ಬೆಳೆಯುತ್ತೇನೆ ಎಂದರೆ ಮಾತ್ರ ಗೇಣಿಗೆ ಹೊಲ ಸಿಗುತ್ತಿತ್ತು.

ಇದನ್ನು ಕೇಳುವಾಗ ನನ್ನ ಕಣ್ಣ ಮುಂದೆ ನಂಗರ್‌ಹಾರ್ ಇರಲಿಲ್ಲ. ವಿಟ್ಲದ ಹತ್ತಿರದ ನಮ್ಮ ಮನೆಯ ಅಟ್ಟ ಇತ್ತು. ಅಜ್ಜ ಮಂಗಳೂರು ಬಂದರಿನ ಮಂಡಿ ಸಾಹುಕಾರರಿಂದ ಮಳೆಗಾಲದಲ್ಲಿ ಸಾಲ ತರುತ್ತಿದ್ದರು. ಅಕ್ಕಿ, ಬಟ್ಟೆ, ಮದ್ದು ಎಲ್ಲ ಆ ಲೆಕ್ಕದಲ್ಲೇ. ಅಂಗಳದ ಬಿಸಿಲಿನಲ್ಲಿ ಚಾಲಿ ಅಡಿಕೆ ಒಣಗಿದ ಮೇಲೆ ಅವರು ಹೇಳಿದ ರೇಟಿಗೆ ಅವರಿಗೇ ಕೊಡಬೇಕು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ ಬಂದ ಮೇಲೆ ನಮ್ಮಂಥವರು ಸ್ವಲ್ಪ ಉಸಿರಾಡಿದ್ದು. ಇವತ್ತಿಗೂ ಅಮ್ಮ ಹಳೆ ಅಡಿಕೆಯನ್ನು ಚೀಲದಲ್ಲಿಟ್ಟು ಕಾಯುತ್ತಾರೆ. ನನ್ನ ಎಂ.ಎ. ಫೀಸು ಕಟ್ಟಿದ್ದು ಅದರಿಂದಲೇ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು ಇಪ್ಪತ್ತು ವರ್ಷಗಳ ಹಿಂದೆಯೇ ಹೇಳಿದ್ದಾರೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ನಮ್ಮ ಊರಲ್ಲಿ ವಾರಗಟ್ಟಲೆ ಬೇರೆ ಮಾತೇ ಇರಲಿಲ್ಲ. ನಾಳೆ ಯಾರಾದರೂ ಬಂದು ಎಲ್ಲ ಮರ ಕಡಿಯಿರಿ ಅಂದರೆ? ಆ ಭಯ ನನಗೆ ಗೊತ್ತಿತ್ತು, ಅಲ್ವಾ? ಗೊತ್ತಿದ್ದೂ ವೇದಿಕೆ ಮೇಲೆ ನಿಂತು ಶೇಕಡಾ 95 ಎಂದು ಸಂತೋಷದಿಂದ ಹೇಳಿದ್ದೆ.

ಅಫೀಮಿನಿಂದಲೇ ಮಾಡುವ ಹೆರಾಯಿನ್ ಎಷ್ಟು ಮನೆ ಹಾಳು ಮಾಡಿದೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನ ಚಿಕ್ಕಪ್ಪನೇ ಅದಕ್ಕೆ ಬಲಿ. ಬೆಳೆ ನಿಲ್ಲಬೇಕು ಎಂದೇ ಅವನೂ ಹೇಳುತ್ತಾನೆ. ಆದರೆ ಅದೇ ವಿಶ್ವಸಂಸ್ಥೆಯ 2023ರ ವರದಿಯಲ್ಲಿ ನಾನು ಓದಿ ಹೇಳದ ಸಾಲುಗಳಿದ್ದವು. ರೈತರ ಅಫೀಮಿನ ಆದಾಯ ಒಂದೇ ವರ್ಷದಲ್ಲಿ 136 ಕೋಟಿ ಡಾಲರ್‌ನಿಂದ 11 ಕೋಟಿಗೆ ಕುಸಿದಿತ್ತು. ಒಂದು ಹೆಕ್ಟೇರ್ ಗೋಧಿಗೆ ಸುಮಾರು 770 ಡಾಲರ್, ಅದೇ ಹೆಕ್ಟೇರಿನಲ್ಲಿ ಅಫೀಮಾದರೆ 10,000. ಬೆಲೆ ಏರಿದ್ದರಿಂದ ದಾಸ್ತಾನು ಇಟ್ಟಿದ್ದ ದೊಡ್ಡ ಜಮೀನುದಾರರಿಗೆ ಲಾಭವಾಯಿತು. ಗೇಣಿಗೆ ಉಳುತ್ತಿದ್ದವನ ಕೈಯಲ್ಲಿ ಏನೂ ಉಳಿಯಲಿಲ್ಲ. ಇತ್ತ ಮ್ಯಾನ್ಮಾರ್ ಅದೇ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಅಫೀಮು ತೆಗೆಯುವ ದೇಶವಾಯಿತು. ಅಲ್ಲೂ ಯುದ್ಧ, ಅಲ್ಲೂ ಸಾಲ.

ಆಗಸ್ಟ್‌ನ ಒಂದು ಭಾನುವಾರ ಅವನನ್ನು ಮನೆಗೆ ಕರೆದುಕೊಂಡು ಹೋದೆ. ಮಳೆ ಬಿಟ್ಟಿತ್ತು, ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತಿದ್ದರು. ಅಮ್ಮ ನೀರುದೋಸೆ ಮಾಡಿದರು, ಆಮೇಲೆ ಅವನನ್ನು ಅಟ್ಟಕ್ಕೆ ಹತ್ತಿಸಿ ಚೀಲ ಬಿಚ್ಚಿ ತೋರಿಸಿದರು. ಅವನು ಒಂದು ಹಳೆ ಅಡಿಕೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಎಷ್ಟು ವರ್ಷ ಇಡಬಹುದು ಎಂದು ಕೇಳಿದ. ಅವರ ಮನೆಯಲ್ಲೂ ತಾಯಿ ಹೀಗೇ ಉಂಡೆಗಳನ್ನು ಕಟ್ಟಿ ಇಡುತ್ತಿದ್ದರಂತೆ. ನಾನು ನಡುವೆ ನಿಂತು ಕನ್ನಡಕ್ಕೂ ಹಿಂದಿಗೂ ಮಾತು ದಾಟಿಸುತ್ತಿದ್ದೆ.

ಈಗ ಏನು ಬೆಳೆಯುತ್ತಾರೆ ಎಂದು ಅಮ್ಮ ಕೇಳಿದರು. ಅಣ್ಣ ಗೋಧಿ ಹಾಕಿದ್ದಾನೆ, ಮಾರುವಷ್ಟು ಬರುವುದಿಲ್ಲ, ಉಣ್ಣಲಿಕ್ಕೂ ವರ್ಷಪೂರ್ತಿ ಸಾಲುವುದಿಲ್ಲ ಎಂದ.

ಅಮ್ಮ ಚೀಲದ ಬಾಯಿ ಕಟ್ಟುತ್ತಾ ಇನ್ನೊಂದು ಪ್ರಶ್ನೆ ಕೇಳಿದರು. ಇಷ್ಟು ವರ್ಷ ಓದಿದ ನನಗೆ ಹೊಳೆಯದ ಪ್ರಶ್ನೆ ಅದು. "ಬೆಳೆ ನಿಂತಿತು ಸರಿ, ಮೊದಲು ತಂದ ಸಾಲ? ಸಾಹುಕಾರ ಬಿಟ್ಟನಾ?"

ಇಲ್ಲ ಎಂದ. ಸಾಲ ಬರೆದಿರುವುದು ಅಫೀಮಿನ ತೂಕದಲ್ಲಿ. ಈಗ ಅಫೀಮಿಲ್ಲ, ಹಾಗಾಗಿ ಅಷ್ಟು ತೂಕಕ್ಕೆ ಈಗಿನ ರೇಟಿನಲ್ಲಿ ದುಡ್ಡು ಕೊಡು ಎನ್ನುತ್ತಿದ್ದಾನಂತೆ.