ಹಿಮ ತೆಗೆಯುವ ಕೆಲಸದಲ್ಲಿ ದುಡ್ಡು ಉಳಿಯುತ್ತಾ?

"ಇದರಲ್ಲಿ ದುಡ್ಡು ಉಳಿಯುತ್ತಾ? ಹಿಮವೇ ಬೀಳದಿದ್ದರೆ ಏನು ಮಾಡ್ತೀರಿ?" ನನ್ನದು ಸ್ನೋ ಪ್ಲೌ ಕೆಲಸ, ಅಂದರೆ ಟ್ರಕ್ಕಿನ ಮುಂದೆ ದೊಡ್ಡ ಬ್ಲೇಡು ಕಟ್ಟಿ ಹಿಮ ತಳ್ಳುವ ಕೆಲಸ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಕೆಲವರು ಆಗಲೇ ಪಿಕಪ್ ಟ್ರಕ್ ನೋಡಿಕೊಂಡು ಬಂದು ಕೇಳುತ್ತಾರೆ. ಅವರಿಗೋಸ್ಕರ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಉಳಿಯುತ್ತದೆ. ಆದರೆ ಎಷ್ಟು ಉಳಿಯುತ್ತದೆ ಅನ್ನುವುದು ಹಿಮ ಬಿದ್ದ ರಾತ್ರಿ ತೀರ್ಮಾನ ಆಗುವುದಿಲ್ಲ. ಎಲೆ ಉದುರುವ ಕಾಲದಲ್ಲೇ ನಕ್ಷೆ ಹರಡಿಕೊಂಡು ಕೂರಬೇಕು. ಯಾರ ಕೆಲಸ ಒಪ್ಪಬೇಕು, ಯಾರದು ಬೇಡ ಅಂತ ನೋಡಬೇಕು. ಮುಕ್ಕಾಲು ಪಾಲು ಲಾಭ ಅಲ್ಲೇ ಗೊತ್ತಾಗಿಬಿಡುತ್ತದೆ.

ಮೊದಲ ಚಳಿಗಾಲದಲ್ಲಿ ನಾನು ಹಾಗೆ ಕೂತಿರಲಿಲ್ಲ. ಫೋನ್ ಮಾಡಿದವರಿಗೆಲ್ಲ ಹೂಂ ಅಂದೆ. ಊರಿನ ಈ ತುದಿಗೆ ಒಂದು ಮನೆ, ಆ ತುದಿಗೆ ಇನ್ನೊಂದು. ಒಂದು ಮನೆಯ ಡ್ರೈವ್‌ವೇ, ಅಂದರೆ ರಸ್ತೆಯಿಂದ ಮನೆಗೆ ಕಾರು ಬರುವ ದಾರಿಯ ಹಿಮ ತೆಗೆಯಲು 8 ನಿಮಿಷ ಸಾಕಾಗುತ್ತಿತ್ತು. ಮುಂದಿನ ಮನೆಗೆ ಹೋಗಲು 20 ನಿಮಿಷ ಬೇಕಾಗುತ್ತಿತ್ತು. ಲೆಕ್ಕ ಹಾಕಿ ನೋಡಿ. 8 ಗಂಟೆಯ ರಾತ್ರಿಯಲ್ಲಿ 17 ಮನೆ. ಅದೇ ಮನೆಗಳು ಅಕ್ಕಪಕ್ಕದ ಬೀದಿಗಳಲ್ಲಿದ್ದು, ನಡುವೆ 4 ನಿಮಿಷದ ದಾರಿ ಅಂದುಕೊಳ್ಳಿ. ಆಗ 40 ಮನೆ. ಟ್ರಕ್ ಅದೇ, ಡ್ರೈವರ್ ಅವನೇ, ರಾತ್ರಿಯೂ ಅಷ್ಟೇ. ಗಿರಾಕಿ ದಾರಿಯಲ್ಲಿ ಓಡಾಡಿದ್ದಕ್ಕೆ ದುಡ್ಡು ಕೊಡುವುದಿಲ್ಲ, ಅಲ್ವಾ? ಎರಡನೇ ವರ್ಷ ದೂರದ ಮನೆಗಳನ್ನು ಬಿಟ್ಟೆ. ಅವರಲ್ಲಿ ಒಳ್ಳೆಯವರು ಬಹಳ ಜನ ಇದ್ದರು, ಬೇಜಾರೂ ಆಯಿತು. ಬಿಡದೆ ಗತಿ ಇರಲಿಲ್ಲ.

ಇನ್ನು ಮನೆಯೋ, ಅಂಗಡಿಯೋ? ನನಗೆ ಎರಡೂ ಬೇಕು. ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೊರಡುವುದರೊಳಗೆ ದಾರಿ ಆದರೆ ಸಾಕು ಅನ್ನುತ್ತಾರೆ. ಅಂಗಡಿ, ಆಫೀಸುಗಳ ಪಾರ್ಕಿಂಗ್ ಲಾಟ್ ಬೇರೆ ಥರ. ಬಾಗಿಲು ತೆಗೆಯುವ ಮುಂಚೆ ನೆಲ ಕಾಣಬೇಕು, ಮಂಜುಗಡ್ಡೆ ಕರಗಿಸುವ ಉಪ್ಪು ಬಿದ್ದಿರಬೇಕು, ಮಧ್ಯಾಹ್ನ ಕರಗಿದ ನೀರು ಸಂಜೆ ಹೆಪ್ಪುಗಟ್ಟಿದರೆ ಮತ್ತೆ ಹೋಗಬೇಕು. ಭಾರವೂ ಕಮ್ಮಿ ಅಲ್ಲ. ಸಾವಿರ ಚದರ ಮೀಟರ್ ಜಾಗದಲ್ಲಿ 5 ಸೆಂಟಿಮೀಟರ್ ಹಿಮ ಬಿದ್ದರೆ ಅದು 50 ಘನ ಮೀಟರ್. ಹಗುರ ಹಿಮವಾದರೂ ಸುಮಾರು 5 ಟನ್. ಒದ್ದೆ ಹಿಮವಾದರೆ ಅದರ ಎರಡು ಮೂರು ಪಟ್ಟು. ಅಷ್ಟನ್ನು ತಳ್ಳಿ ಎಲ್ಲಿ ಗುಡ್ಡೆ ಹಾಕುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಬೇಕು. ಲಾಟಿನ ಎತ್ತರದ ಕಡೆ ಗುಡ್ಡೆ ಹಾಕಿದರೆ ಹಗಲು ಕರಗಿದ ನೀರು ಇಳಿಜಾರಿನಲ್ಲಿ ಹರಿದು ಬರುತ್ತದೆ. ರಾತ್ರಿ ಅದೇ ಕಣ್ಣಿಗೆ ಕಾಣದ ಮಂಜುಗಡ್ಡೆ ಆಗುತ್ತದೆ. ಯಾರೋ ವಯಸ್ಸಾದವರು ಅದರ ಮೇಲೆ ಕಾಲಿಟ್ಟರೆ ಏನು ಗತಿ? ದುಡ್ಡಿನ ಮಾತು ಆಮೇಲೆ, ನನಗೆ ಮೊದಲು ಬರುವ ಹೆದರಿಕೆ ಅದು.

ಜಾರಿ ಬಿದ್ದವರ ದೂರು ಎಷ್ಟೋ ಸಲ ತಿಂಗಳುಗಟ್ಟಲೆ ಆದ ಮೇಲೆ ಬರುತ್ತದೆ. ಆಗ ಆ ದಿನ ಏನಾಗಿತ್ತು ಅಂತ ನೆನಪಿರುವುದಿಲ್ಲ. ಅದಕ್ಕೇ ಪ್ರತಿ ಜಾಗಕ್ಕೂ ಹೋದ ಹೊತ್ತು, ಬಿಟ್ಟ ಹೊತ್ತು, ಎಷ್ಟು ಹಿಮ ಇತ್ತು, ಎಷ್ಟು ಉಪ್ಪು ಹಾಕಿದೆವು ಅಂತ ಅಲ್ಲೇ ಬರೆದಿಡುತ್ತೇವೆ. ಹೊರಡುವ ಮುಂಚೆ ಒಂದು ಫೋಟೋ ತೆಗೆಯುತ್ತೇವೆ. "ಉಪ್ಪು ಬೇಡ, ಖರ್ಚು ಜಾಸ್ತಿ" ಅನ್ನುವ ಮಾಲೀಕರೂ ಸಿಗುತ್ತಾರೆ. ಹಾಗಂದರೆ ಬರೆದು ಸಹಿ ಮಾಡಿ ಕೊಡಿ ಅನ್ನುತ್ತೇನೆ. ಬಾಯಿ ಮಾತಿಗೆ ಒಪ್ಪುವುದಿಲ್ಲ. ಹಿಮದ ಕೆಲಸಕ್ಕೂ ಅನ್ವಯಿಸುವ ಇನ್ಶೂರೆನ್ಸ್ ಇಲ್ಲದೆ ಒಂದು ಲಾಟಿಗೂ ಕಾಲಿಡಬೇಡಿ. ಕೆಲವು ಪಾಲಿಸಿಗಳಲ್ಲಿ ಹಿಮ ತೆಗೆಯುವ ಕೆಲಸವನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಓದಿ ನೋಡಿ.

ಉಪ್ಪಿನ ವಿಷಯದಲ್ಲಿ ಬಹಳ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಸಾಮಾನ್ಯ ಉಪ್ಪು ಸೊನ್ನೆಗಿಂತ ಸ್ವಲ್ಪ ಕೆಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನೆಲದ ತಾಪ ಮೈನಸ್ 9 ಡಿಗ್ರಿ ಸೆಲ್ಸಿಯಸ್ ದಾಟಿ ಇಳಿದರೆ ತುಂಬಾ ನಿಧಾನ ಆಗುತ್ತದೆ. ಅಂಥ ಚಳಿಯಲ್ಲಿ ಎರಡು ಪಟ್ಟು ಉಪ್ಪು ಸುರಿದರೂ ದೊಡ್ಡ ಉಪಯೋಗ ಇಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ಅನ್ನುವ ಬೇರೆ ಬಗೆಯ ಉಪ್ಪು ಬೇಕು. ನೆನಪಿಡಿ, ಗಾಳಿಯ ತಾಪ ಅಲ್ಲ, ನೆಲದ ತಾಪ. ಎರಡೂ ಒಂದೇ ಇರುವುದಿಲ್ಲ. ಸಾಧ್ಯವಾದಾಗ ನಾವು ಹಿಮ ಬೀಳುವ ಮುಂಚೆಯೇ ಉಪ್ಪು ನೀರು ಸಿಂಪಡಿಸುತ್ತೇವೆ. ನೂರಕ್ಕೆ ಸುಮಾರು 23 ಪಾಲು ಉಪ್ಪಿರುವ ನೀರು ಮೈನಸ್ 21 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಹೀಗೆ ಮಾಡಿದರೆ ಹಿಮ ನೆಲಕ್ಕೆ ಅಂಟಿಕೊಳ್ಳುವುದಿಲ್ಲ, ಬ್ಲೇಡು ಸಲೀಸಾಗಿ ತೆಗೆಯುತ್ತದೆ. ಒಟ್ಟಿನಲ್ಲಿ ಕಮ್ಮಿ ಉಪ್ಪಲ್ಲಿ ಕೆಲಸ ಆಗುತ್ತದೆ. ಹಾಕಿದ ಉಪ್ಪೆಲ್ಲ ಕೊನೆಗೆ ಗಿಡದ ಬುಡಕ್ಕೋ ಕೆರೆಗೋ ಹೋಗಿ ಸೇರುತ್ತದೆ. ಅದೂ ನನ್ನ ಮನಸ್ಸಿನಲ್ಲಿರುತ್ತದೆ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವರ್ಷವೇ ಹೊಸ ಟ್ರಕ್ ಸಾಲದಲ್ಲಿ ಕೊಳ್ಳಬೇಡಿ. ಹಿಮ ನಿಂತರೂ ಕಂತು ನಿಲ್ಲುವುದಿಲ್ಲ. ಬ್ಲೇಡು ಎತ್ತಿ ಇಳಿಸುವ ಎಣ್ಣೆಯ ಪೈಪು, ಹೈಡ್ರಾಲಿಕ್ ಹೋಸ್, ಯಾವಾಗಲೂ ನಡುರಾತ್ರಿಯಲ್ಲೇ ಒಡೆದಂತೆ ಅನಿಸುತ್ತದೆ, ಟ್ರಕ್ಕಿನಲ್ಲೇ ಒಂದೆರಡು ಇಟ್ಟಿರಿ. ನೆಲ ಕಾಣುವಾಗಲೇ ಕಲ್ಲಿನ ಅಂಚು, ಮ್ಯಾನ್‌ಹೋಲ್, ಹೂವಿನ ಪಾತಿಗಳ ಪಕ್ಕ ಗುರುತಿನ ಕೋಲು ನೆಡಿ. ನಾನು ಒಮ್ಮೆ ನೆಡದೆ ಬಿಟ್ಟು, ಹಿಮದಡಿ ಕಾಣದ ಅಂಚಿಗೆ ಗುದ್ದಿ ಪ್ಲೌ ಬಗ್ಗಿಸಿಕೊಂಡೆ. ಬಿರುಗಾಳಿಯ ನಡುವೆ ಮೂವತ್ತು ಮನೆಗಳಿಗೆ ಫೋನ್ ಮಾಡಿ ತಡವಾಗುತ್ತದೆ ಅಂತ ಹೇಳಬೇಕಾಯಿತು. ಆ ರಾತ್ರಿ ಇನ್ನೂ ಮರೆತಿಲ್ಲ.

ಈಗ ಎರಡನೇ ಪ್ರಶ್ನೆ. ಹಿಮ ಬೀಳದಿದ್ದರೆ? "ಗಾಳಿ ಬಂದಾಗ ತೂರಿಕೋ" ಅನ್ನುವ ಮಾತನ್ನು ನಂಬಿ ಈ ಕೆಲಸಕ್ಕೆ ಇಳಿದವರು ಗಾಳಿ ಬರದ ವರ್ಷ ಮುಳುಗುತ್ತಾರೆ. ದರ ಕಟ್ಟುವುದರಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಬಂದು ಹೋದ ಪ್ರತಿ ಸಲಕ್ಕೆ ಇಷ್ಟು ಅಂತ. ಹಿಮ ಜಾಸ್ತಿ ಆದಷ್ಟೂ ನಮಗೆ ಲಾಭ, ಬೀಳದಿದ್ದರೆ ಏನೂ ಇಲ್ಲ. ಇನ್ನೊಂದು, ಇಡೀ ಚಳಿಗಾಲಕ್ಕೆ ಒಂದೇ ಮೊತ್ತ. ಹಿಮ ಕಮ್ಮಿ ಆದರೆ ನಮಗೆ ಉಳಿಕೆ, ವಿಪರೀತ ಬಿದ್ದರೆ ನಷ್ಟ. ನಾನು ಎರಡನ್ನೂ ಸುಮಾರು ಅರ್ಧರ್ಧ ಇಟ್ಟುಕೊಂಡಿದ್ದೇನೆ. ಜೋಡೆತ್ತಿನ ಗಾಡಿಯ ಹಾಗೆ, ಒಂದು ಕುಂಟಿದ ವರ್ಷ ಇನ್ನೊಂದು ಎಳೆಯುತ್ತದೆ. ಮನೆಗಳಿಗೆ ಇಡೀ ಚಳಿಗಾಲದ ಮೊತ್ತ, ದೊಡ್ಡ ಲಾಟುಗಳಿಗೆ ಸಲಕ್ಕೆ ಇಷ್ಟು. ಎಷ್ಟು ಹಿಮ ಬಿದ್ದರೆ ಟ್ರಕ್ ಹೊರಡುತ್ತದೆ ಅನ್ನುವುದೂ ಕಾಂಟ್ರ್ಯಾಕ್ಟಿನಲ್ಲಿ ಸ್ಪಷ್ಟ ಇರಬೇಕು. ನಮ್ಮದು ಮನೆಗಳಿಗೆ 5 ಸೆಂಟಿಮೀಟರ್. ಇದೊಂದು ಸಾಲು ಇಲ್ಲದ್ದರಿಂದ ಎಷ್ಟು ಜಗಳ ಆಗಿದೆಯೋ ಲೆಕ್ಕವಿಲ್ಲ.

ಒಂದು ವರ್ಷ ಹಿಮ ತೀರಾ ಕಮ್ಮಿ ಬಿತ್ತು. ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದ ಮನೆಯವರೊಬ್ಬರು ಫೋನ್ ಮಾಡಿ, "ನೀವು ಬಂದಿದ್ದೇ ನಾಲ್ಕು ಸಲ, ಸ್ವಲ್ಪ ವಾಪಸ್ ಕೊಡಬಹುದಲ್ಲ?" ಅಂದರು. ಕೋಪ ಇರಲಿಲ್ಲ ಅವರಿಗೆ, ನ್ಯಾಯವಾಗಿಯೇ ಕೇಳಿದರು. ನಾನು ಟ್ರಕ್ಕಿನ ಕಂತು, ಇನ್ಶೂರೆನ್ಸ್, ಮೊದಲೇ ತರಿಸಿಟ್ಟ ಉಪ್ಪು, ರಾತ್ರಿ ಕಾದಿರುವ ಡ್ರೈವರಿಗೆ ಕೊಡುವ ಸಂಬಳ ಎಲ್ಲ ಬಿಡಿಸಿ ಹೇಳಿದೆ. "ಮುಂದಿನ ವರ್ಷ ಎಷ್ಟೇ ಬಿದ್ದರೂ ನಿಮ್ಮ ಹತ್ತಿರ ಒಂದು ಪೈಸೆ ಜಾಸ್ತಿ ಕೇಳುವುದಿಲ್ಲ" ಅಂತಲೂ ಹೇಳಿದೆ. ಮುಂದಿನ ವರ್ಷ ಅವರ ಮನೆಗೆ 21 ಸಲ ಹೋದೆವು. ನಾನು ಜಾಸ್ತಿ ದುಡ್ಡು ಕೇಳಲಿಲ್ಲ. ಈಗ ಅವರ ಅಕ್ಕಪಕ್ಕದ ಮೂರು ಮನೆಗಳೂ ನಮ್ಮ ರೂಟಿನಲ್ಲಿವೆ.