ಟಂಗ್ ಡ್ರಮ್ ಮತ್ತು ಹ್ಯಾಂಡ್‌ಪ್ಯಾನ್: ಶ್ರುತಿ ಹೊಂದಿಸಿದ ನಂತರದ ಹೋಲಿಕೆ

ನನ್ನ ಎಂಟು ನಾಲಿಗೆಗಳ ಟಂಗ್ ಡ್ರಮ್ಮಿನ (ಮೇಲ್ಮೈಯಲ್ಲಿ ನಾಲಿಗೆಯಂಥ ಪಟ್ಟಿಗಳನ್ನು ಸೀಳಿದ ಉಕ್ಕಿನ ವಾದ್ಯ) ಶ್ರುತಿ ಕೆಲಸ ಒಂದು ಹಂತಕ್ಕೆ ಬಂದಿದೆ. ಬೆಂಗಳೂರಿನ ಜಯನಗರದ ಸ್ನೇಹಿತರೊಬ್ಬರು ಎರವಲು ಕೊಟ್ಟಿರುವ ಡಿ ಕುರ್ಡ್ (ಡಿ ಸ್ವರದಿಂದ ಶುರುವಾಗುವ ಒಂದು ಸ್ವರಶ್ರೇಣಿ) ಹ್ಯಾಂಡ್‌ಪ್ಯಾನ್, ಅಂದರೆ ಬರಿಗೈಯಿಂದ ನುಡಿಸುವ ಉಕ್ಕಿನ ಚಿಪ್ಪಿನಂಥ ವಾದ್ಯ ಕೂಡ ಸದ್ಯಕ್ಕೆ ಮನೆಯಲ್ಲೇ ಇರುವುದರಿಂದ, ಎರಡನ್ನೂ ಒಂದೇ ಕೋಣೆಯಲ್ಲಿ ನುಡಿಸಿ ಕೇಳಲು ಸಾಧ್ಯವಾಯಿತು.

ಬೆಲೆಯ ಅಂತರ ಎಲ್ಲರಿಗೂ ತಿಳಿದದ್ದೇ. ನುಡಿಸಲು ಯೋಗ್ಯವಾದ ಟಂಗ್ ಡ್ರಮ್ ಕೆಲವು ಸಾವಿರಕ್ಕೆ ಸಿಗುತ್ತದೆ. ಒಳ್ಳೆಯ ಹ್ಯಾಂಡ್‌ಪ್ಯಾನ್ ಲಕ್ಷದ ಆಸುಪಾಸಿಗೆ ಹೋಗುತ್ತದೆ. ಆದರೆ ಆ ಹಣ ಉಕ್ಕಿಗೆ ಕೊಡುವುದಲ್ಲ, ಶ್ರುತಿ ಮಾಡುವ ಕೈಗೆ ಕೊಡುವುದು. ಟಂಗ್ ಡ್ರಮ್ಮಿನ ನಾಲಿಗೆ ಒಂದು ಕಡೆ ಮಾತ್ರ ಅಂಟಿಕೊಂಡಿರುವ ಪಟ್ಟಿ. ಅದರ ಸ್ವರವನ್ನು ಮುಖ್ಯವಾಗಿ ಉದ್ದ ಮತ್ತು ದಪ್ಪ ನಿರ್ಧರಿಸುವುದರಿಂದ, ಯಂತ್ರ ಸರಿಯಾಗಿ ಸೀಳಿದರೆ ಸ್ವರ ಹೆಚ್ಚುಕಡಿಮೆ ಅಲ್ಲೇ ಬಂದು ಕೂರುತ್ತದೆ. ಹ್ಯಾಂಡ್‌ಪ್ಯಾನಿನಲ್ಲಿ ಸೀಳೇ ಇಲ್ಲ. ಸುತ್ತಲೂ ಬಿಗಿಯಾಗಿರುವ ಚಿಪ್ಪಿನಲ್ಲಿ ಸುತ್ತಿಗೆಯಿಂದ ಬಡಿದು ಮೂಡಿಸಿದ ಒಂದೊಂದು ಸ್ವರಸ್ಥಾನವೂ ಮೂಲಸ್ವರವನ್ನು, ಅದರ ಉದ್ದದ ದಿಕ್ಕಿನಲ್ಲಿ ತಾರಷಡ್ಜದಂತೆ ಎರಡು ಪಟ್ಟು ಆವೃತ್ತಿಯ ಸ್ವರವನ್ನು, ಅಗಲದ ದಿಕ್ಕಿನಲ್ಲಿ ಅದರ ಮೇಲಿನ ಪಂಚಮವನ್ನು ಒಟ್ಟಿಗೇ ಕೊಡಬೇಕು. ಒಂದನ್ನು ತಿದ್ದಲು ಬಡಿದ ಪೆಟ್ಟು ಉಳಿದೆರಡನ್ನೂ, ಕೆಲವೊಮ್ಮೆ ಪಕ್ಕದ ಸ್ವರವನ್ನೂ ಅಲುಗಿಸುತ್ತದೆ. ಆದ್ದರಿಂದ ಅಗ್ಗದ ಟಂಗ್ ಡ್ರಮ್ಮನ್ನು ಸಹಿಸಬಹುದು, ಅಗ್ಗದ ಹ್ಯಾಂಡ್‌ಪ್ಯಾನನ್ನು ಸಹಿಸುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಟಂಗ್ ಡ್ರಮ್ಮನ್ನು ಮನೆಯಲ್ಲೇ ತಿದ್ದಬಹುದೆನ್ನುವುದು ಅದರ ದೊಡ್ಡ ಅನುಕೂಲ. ಮೊಬೈಲಿನ ಟ್ಯೂನರ್‌ನಲ್ಲಿ ನೋಡಿದಾಗ ಕೆಲವು ನಾಲಿಗೆಗಳು ಹತ್ತು–ಹದಿನೈದು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ) ಏರಿದ್ದವು, ಒಂದು ಮಾತ್ರ ಇಳಿದಿತ್ತು. ಏರಿದ ನಾಲಿಗೆಯ ತುದಿಗೆ ಒಳಗಿನಿಂದ ಗುಂಡಿಯಷ್ಟು ಚಿಕ್ಕ ಆಯಸ್ಕಾಂತ ಅಂಟಿಸಿದರೆ ತೂಕ ಹೆಚ್ಚಿ ಸ್ವರ ಇಳಿಯುತ್ತದೆ. ಅದನ್ನೇ ಬುಡದತ್ತ ಸ್ವಲ್ಪ ಸ್ವಲ್ಪ ಸರಿಸುತ್ತ ಹೋದರೆ ಇಳಿತ ಕಡಿಮೆಯಾಗುತ್ತ ಬಂದು, ಒಂದು ಜಾಗದಲ್ಲಿ ಟ್ಯೂನರಿನ ಮುಳ್ಳು ನಡುವೆ ನಿಲ್ಲುತ್ತದೆ. ಆಯಸ್ಕಾಂತಗಳು ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತವೆ. ಇಳಿದ ನಾಲಿಗೆಯನ್ನು ಏರಿಸಬೇಕಾದರೆ ತುದಿಯನ್ನು ಅರದಿಂದ ಉಜ್ಜಬೇಕು, ಉಜ್ಜಿದ್ದನ್ನು ಮರಳಿ ಸೇರಿಸಲಾಗದು. ಹಾಗಾಗಿ ಅರ ಮುಟ್ಟದೆ, ಇಳಿದ ನಾಲಿಗೆಯನ್ನೇ ಆಧಾರವಾಗಿ ಹಿಡಿದು ಉಳಿದವನ್ನೆಲ್ಲ ಅದರ ಮಟ್ಟಕ್ಕೆ ಇಳಿಸಿದೆ. ಈಗ ವಾದ್ಯ, ಎ ಸ್ವರ 440 ಹರ್ಟ್ಸ್ ಎಂಬ ರೂಢಿಯ ಲೆಕ್ಕಕ್ಕಿಂತ ತುಸು ಕೆಳಗಿದೆ. ಇಲೆಕ್ಟ್ರಾನಿಕ್ ತಂಬೂರಿಯ ಶ್ರುತಿಯನ್ನು ಅಷ್ಟೇ ಇಳಿಸಿದರೆ ತೊಂದರೆಯಿಲ್ಲ, ಕೀಬೋರ್ಡಿನ ಜೊತೆ ಮಾತ್ರ ನುಡಿಸಲಾಗದು.

ನಾದದಲ್ಲಿ ಹ್ಯಾಂಡ್‌ಪ್ಯಾನಿನದೇ ಮೇಲುಗೈ. ನಾಲಿಗೆಯ ಮೊದಲ ಉಪಸ್ವರ (ಮೂಲಸ್ವರದ ಜೊತೆಗೇ ಮೂಡುವ ಮೇಲಿನ ಧ್ವನಿ) ಮೂಲಸ್ವರದ ಸುಮಾರು ಆರೂಕಾಲು ಪಟ್ಟಿನಲ್ಲಿ ಬೀಳುತ್ತದೆ, ಅದು ಯಾವ ಸ್ವರಕ್ಕೂ ಹೊಂದದು. ಗಟ್ಟಿ ಕೋಲಿನಿಂದ ಹೊಡೆದಾಗ ಕೇಳುವ ಟಣ್ ಎಂಬ ಸದ್ದು ಅದೇ. ರಬ್ಬರ್ ತುದಿಯ ಕೋಲು ಅದನ್ನು ಬಹುಮಟ್ಟಿಗೆ ಅಡಗಿಸುತ್ತದೆ. ಹ್ಯಾಂಡ್‌ಪ್ಯಾನಿನ ಉಪಸ್ವರಗಳು ಹೊಂದಿಕೊಂಡೇ ಇರುವುದರಿಂದ ಬರಿಗೈಯ ಮೃದು ಪೆಟ್ಟಿಗೂ ನಾದ ತುಂಬಿ ಬರುತ್ತದೆ. ಕೆಳಗಿನ ಬಾಯಿಯಿಂದ ಹೊರಡುವ ಗಾಳಿಯ ಮಂದ್ರಧ್ವನಿಗೆ ನಮ್ಮ ಘಟದ ನಂಟೂ ಇದೆ: ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಫೆಲಿಕ್ಸ್ ರೋನರ್ ಮತ್ತು ಸಬೀನಾ ಶೇರರ್ 2000ದಲ್ಲಿ ಹ್ಯಾಂಡ್‌ಪ್ಯಾನಿನ ಮೂಲರೂಪವಾದ ಹ್ಯಾಂಗ್ ವಾದ್ಯವನ್ನು ರೂಪಿಸುವಾಗ ಉಕ್ಕಿನ ಪೀಪಾಯಿಯಿಂದ ಮಾಡುವ ಸ್ಟೀಲ್‌ಪ್ಯಾನಿನ ಜೊತೆಗೆ ಘಟವೂ ಅವರಿಗೆ ಪ್ರೇರಣೆಯಾಗಿತ್ತು.

ರಾಗದ ದೃಷ್ಟಿಯಿಂದ ಟಂಗ್ ಡ್ರಮ್ ನಿರೀಕ್ಷೆಗಿಂತ ಹೆಚ್ಚು ಕೊಟ್ಟಿತು. ನನ್ನದರಲ್ಲಿರುವುದು ಐದು ಸ್ವರಗಳ ಸಿ ಪೆಂಟಟಾನಿಕ್, ಅಂದರೆ ಮೋಹನ ರಾಗದ ಸ್ವರಗಳು. ಗ್ರಹಭೇದ ಮಾಡಿ, ಅಂದರೆ ಸ್ವರಗಳನ್ನು ಹಾಗೇ ಇಟ್ಟು ಷಡ್ಜದ ಜಾಗವನ್ನಷ್ಟೇ ಬದಲಿಸಿ, ಅದರ ರಿಷಭವನ್ನು ಷಡ್ಜವಾಗಿ ಹಿಡಿದರೆ ಮಧ್ಯಮಾವತಿ, ಗಾಂಧಾರವನ್ನು ಹಿಡಿದರೆ ಹಿಂದೋಳ, ಪಂಚಮವನ್ನು ಹಿಡಿದರೆ ಶುದ್ಧಸಾವೇರಿ, ಧೈವತವನ್ನು ಹಿಡಿದರೆ ಶುದ್ಧಧನ್ಯಾಸಿ. ಡಿ ಕುರ್ಡ್‌ನಲ್ಲಿ ನಟಭೈರವಿಯ ಏಳೂ ಸ್ವರಗಳಿವೆ, ಆದರೆ ಮೇಲೆ ಪಂಚಮಕ್ಕೇ ಸ್ಥಾಯಿ ಮುಗಿಯುತ್ತದೆ. ಗಮಕ (ಸ್ವರವನ್ನು ಆಡಿಸುವುದು, ಜಾರಿಸುವುದು) ಎರಡರಲ್ಲೂ ಇಲ್ಲದ್ದರಿಂದ ಇವನ್ನು ರಾಗ ಎನ್ನುವುದಕ್ಕಿಂತ ರಾಗದ ಮೆಟ್ಟಿಲು ಎನ್ನುವುದೇ ನ್ಯಾಯ.

ಹ್ಯಾಂಡ್‌ಪ್ಯಾನ್ ಖರೀದಿಯನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಕೊಳ್ಳುವಾಗ ನಾದ ದೀರ್ಘವಾಗಿ ನಿಲ್ಲುವ ಸ್ಟೇನ್‌ಲೆಸ್ ಉಕ್ಕಿನದಕ್ಕಿಂತ, ಬೇಗ ಅಡಗುವ, ನೈಟ್ರೋಜನ್ನಿನಿಂದ ಮೇಲ್ಮೈ ಗಟ್ಟಿ ಮಾಡಿದ ನೈಟ್ರೈಡ್ ಉಕ್ಕಿನದನ್ನೇ ಮೊದಲು ನೋಡುತ್ತೇನೆ, ಏಕೆಂದರೆ ನನಗೆ ಬೇಕಿರುವುದು ಸೊಲ್ಲುಕಟ್ಟುಗಳನ್ನು (ತಾಳವಾದ್ಯದ ಬಾಯಿಪಾಠದ ಜತಿಗಳನ್ನು) ದ್ರುತದಲ್ಲಿ ನುಡಿಸಲು. ಅದಕ್ಕೂ ಮುಂಚೆ ಆಯಸ್ಕಾಂತಗಳ ಜಾಗವನ್ನು ಗುರುತು ಹಾಕಿ, ಅವು ಜಾರದಂತೆ ಅಂಟಿಸುವ ಕೆಲಸ ಬಾಕಿಯಿದೆ.